ಉರಿವ ಮನೆಯಲ್ಲಿ ಗಳ ಹಿರಿದವರು

1805ರ ಏಪ್ರಿಲ್ 8ರ ರಾತ್ರಿ. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಆರಂಭವಾದ ಚರ್ಚೆ ನಡುರಾತ್ರಿ ಕಳೆದರೂ ಮುಗಿದಿರಲಿಲ್ಲ. ಕಡಲಿನ ಆಚೆ ದಡದಲ್ಲಿ ನೆಪೋಲಿಯನ್ನನ ಸೇನೆ ದೋಣಿಗಳನ್ನು ಸಜ್ಜುಗೊಳಿಸಿಕೊಂಡು ಇಂಗ್ಲೆಂಡಿಗೆ ದಾಟಲು ಹೊಂಚು ಹಾಕಿತ್ತು. ಅದನ್ನು ತಡೆಯಬೇಕಾಗಿದ್ದುದು ನೌಕಾಪಡೆ. ಆ ನೌಕಾಪಡೆಯ ಹೊಣೆ ಹೊತ್ತಿದ್ದ ಸಚಿವ ಹೆನ್ರಿ ಡಂಡಾಸ್‌ನ ಮೇಲೆಯೇ ಅಂದು ಖಂಡನಾ ನಿರ್ಣಯ ಮಂಡನೆಯಾಗಿತ್ತು.

ಮತ ಎಣಿಸಿದಾಗ ಪರ 216, ವಿರುದ್ಧ 216. ಇನ್ನು ನಿರ್ಧಾರ ಸ್ಪೀಕರ್ ಚಾರ್ಲ್ಸ್ ಅಬಟ್‌ನದು. ಆತನ ಮುಖ ಬಿಳಿಚಿಕೊಂಡಿತು. ಸುಮಾರು ಹತ್ತು ನಿಮಿಷ ಆತ ಮಾತಿಲ್ಲದೆ ಕುಳಿತಿದ್ದನೆಂದು ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಕೊನೆಗೆ ಡಂಡಾಸ್‌ನ ವಿರುದ್ಧ ಮತ ಹಾಕಿದ. ಡಂಡಾಸ್‌ನ ಆಪ್ತಮಿತ್ರನಾಗಿದ್ದ ಪ್ರಧಾನಿ ಪಿಟ್ ಕಣ್ಣೀರು ಮರೆಸಲು ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡನಂತೆ.

ಡಂಡಾಸ್ ಯುದ್ಧದಲ್ಲಿ ಸೋತವನಲ್ಲ. ಶತ್ರುವಿಗೆ ಗುಟ್ಟು ಬಿಟ್ಟುಕೊಟ್ಟವನೂ ಅಲ್ಲ. ಆತನ ಮೇಲಿನ ಆಪಾದನೆ ಲೆಕ್ಕಪತ್ರಕ್ಕೆ ಸಂಬಂಧಿಸಿದ್ದು. ಹಿಂದೆ ನೌಕಾಪಡೆಯ ಖಜಾಂಚಿಯಾಗಿದ್ದಾಗ ತನ್ನ ಕೈಕೆಳಗಿನ ಅಧಿಕಾರಿ ಸರ್ಕಾರಿ ಹಣದಿಂದ ಲಾಭ ಮಾಡಿಕೊಳ್ಳಲು ಆತ ಬಿಟ್ಟಿದ್ದ. ಶತ್ರು ಬಾಗಿಲಿಗೆ ಬಂದಿರುವಾಗ ಅಧಿಕಾರಿಗಳ ಹಳೆಯ ಜಮಾಖರ್ಚು ತೆರೆದು ಕೂರುವುದು ತರವೇ ಎಂದು ಕೇಳಿದವರು ಅಂದೂ ಇದ್ದರು. ಆದರೆ ಇತಿಹಾಸ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಇಂದು ಪ್ರತಿಯೊಬ್ಬ ಸರ್ಕಾರಿ ನೌಕರನಿಗೂ ಸಹಜವೆನಿಸಿರುವ ನಿಗದಿತ ಸಂಬಳ, ಅನುಮತಿ ಪಡೆದೇ ಹೋಗಬೇಕಾದ ರಜೆ, ಇವೆರಡೂ ಬ್ರಿಟನ್ನಿನಲ್ಲಿ ರೂಪುಗೊಂಡದ್ದು ಬಹುಮಟ್ಟಿಗೆ ಯುದ್ಧಕಾಲದ ಇಂಥ ತಪಾಸಣೆಗಳಿಂದಲೇ.

ಸಂಬಳವಲ್ಲ, ರುಸುಂ

ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ದೊಡ್ಡ ಸರ್ಕಾರಿ ಹುದ್ದೆ ಎಂದರೆ ಕೆಲಸ ಎನ್ನುವುದಕ್ಕಿಂತ ಆಸ್ತಿ ಎನ್ನುವುದೇ ಸರಿ. ಹೊಲ, ಮನೆಗಳಂತೆ ಅದನ್ನೂ ಜೀವಮಾನಕ್ಕೆ ಬರೆದುಕೊಡುತ್ತಿದ್ದರು. ಈಗಿರುವವನು ಸತ್ತ ಮೇಲೆ ಯಾರಿಗೆ ಸಲ್ಲಬೇಕು ಎಂಬುದನ್ನೂ ಮುಂಗಡವಾಗಿಯೇ ಗೊತ್ತುಮಾಡುತ್ತಿದ್ದರು. ಸಂಬಳ ಹೆಸರಿಗಷ್ಟೇ. ನಿಜವಾದ ವರಮಾನ ಬರುತ್ತಿದ್ದುದು ರುಸುಮಿನಿಂದ. ಕಾಗದಕ್ಕೆ ಸಹಿ ಬಿದ್ದರೆ ಇಷ್ಟು, ಹಣ ಬಟವಾಡೆಯಾದರೆ ಪೌಂಡಿಗೆ ಇಷ್ಟು ಎಂಬ ಲೆಕ್ಕ. ಇದು ಲಂಚವಲ್ಲ, ಪದ್ಧತಿಯೇ ಒಪ್ಪಿದ್ದ ಮಾಮೂಲು.

ಖಜಾನೆಯಲ್ಲಿ ಟೆಲ್ಲರ್ ಎಂಬ ಹೆಸರಿನ ನಾಲ್ಕು ಹುದ್ದೆಗಳಿದ್ದವು. ಸರ್ಕಾರದ ಹಣ ಇವರ ಕಚೇರಿಗಳ ಮೂಲಕ ಹಾದುಹೋಗುವಾಗ ಅದರಲ್ಲೊಂದು ಪಾಲು ಇವರಿಗೆ ಸಲ್ಲುತ್ತಿತ್ತು. ಶಾಂತಿಕಾಲದಲ್ಲಿ ಸರ್ಕಾರದ ಖರ್ಚು ಮಿತವಾಗಿರುತ್ತದೆ, ಟೆಲ್ಲರ್‌ನ ಪಾಲೂ ಮಿತ. ಯುದ್ಧ ಬಂದರೆ ಖರ್ಚು ಹಲವು ಪಟ್ಟು ಏರುತ್ತದೆ, ಟೆಲ್ಲರ್‌ನ ಪಾಲೂ ಏರುತ್ತದೆ. ದೇಶ ಸಾಲದಲ್ಲಿ ಮುಳುಗಿದಷ್ಟೂ ಈತ ಸಿರಿವಂತನಾಗುತ್ತಿದ್ದ. ನಮ್ಮ ಹಿರಿಯರು ‘ಉರಿವ ಮನೆಯಲ್ಲಿ ಗಳ ಹಿರಿಯುವುದು’ ಎಂದದ್ದು ಇಂಥದ್ದನ್ನೇ ಇರಬೇಕು.

ಈ ಹುದ್ದೆಗೆ ಎಂಥವರು ಬರುತ್ತಿದ್ದರು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1764ರಲ್ಲಿ ಟೆಲ್ಲರ್ ಆದ ಜಾರ್ಜ್ ಗ್ರೆನ್‌ವಿಲ್ ಆಗಿನ್ನೂ ಬಾಲಕ. ಅವನ ತಂದೆ, ಅದೇ ಹೆಸರಿನ ಜಾರ್ಜ್ ಗ್ರೆನ್‌ವಿಲ್, ಆಗ ದೇಶದ ಪ್ರಧಾನಿ. ಮರುವರ್ಷ, ಅಂದರೆ 1765ರಲ್ಲಿ, ಅಮೆರಿಕದ ವಸಾಹತುಗಳ ಮೇಲೆ ಸ್ಟಾಂಪ್ ತೆರಿಗೆ ಹೇರಿದ್ದು ಇದೇ ತಂದೆಯ ಸರ್ಕಾರ. ಆ ತೆರಿಗೆಯಿಂದ ಹುಟ್ಟಿದ ಜಗಳ ಬೆಳೆದು ಅಮೆರಿಕದ ಸ್ವಾತಂತ್ರ್ಯ ಸಮರವಾಯಿತು. ಅಪ್ಪ ಹಚ್ಚಿದ ಬೆಂಕಿಯಿಂದ ಮಗನ ರುಸುಂ ಏರಿತು. ಈ ಹುಡುಗನೇ ಮುಂದೆ ಬಕಿಂಗ್‌ಹ್ಯಾಂನ ಮಾರ್ಕ್ವಿಸ್ ಎನಿಸಿದ.

ಲೇಖಕನೆಂದು ಹೆಸರಾದ ಹೊರೇಸ್ ವಾಲ್ಪೋಲ್‌ನದು ಇನ್ನೊಂದು ಕಥೆ. ಆತನ ತಂದೆಯೂ ಪ್ರಧಾನಿಯಾಗಿದ್ದವನೇ. 1738ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಆತನಿಗೆ ಖಜಾನೆಯಲ್ಲಿ ‘ಅಷರ್’ ಎಂಬ ಹುದ್ದೆ ದೊರೆಯಿತು. ಕಚೇರಿಗೆ ಬೇಕಾದ ಕಾಗದ, ಲೇಖನಿ, ಶಾಯಿ, ಅರಗು, ಕತ್ತರಿಗಳನ್ನು ಒದಗಿಸುವುದು ಆ ಹುದ್ದೆಯ ಕೆಲಸ. ಒದಗಿಸಿದ ಸಾಮಾನಿನ ಮೇಲಿನ ಲಾಭ ಹುದ್ದೆದಾರನಿಗೆ. ಅದನ್ನೂ ಆತ ಖುದ್ದಾಗಿ ಮಾಡುತ್ತಿರಲಿಲ್ಲ, ಬದಲಿ ನೌಕರರಿದ್ದರು. 1797ರಲ್ಲಿ ಸಾಯುವವರೆಗೂ ಹುದ್ದೆ ಆತನದೇ ಆಗಿತ್ತು. ಯುದ್ಧಕಾಲದಲ್ಲಿ ಸರ್ಕಾರ ಹೆಚ್ಚು ಕಾಗದ ಬರೆಯುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಲೆಕ್ಕ ಕೇಳಿದ ವರ್ಷ

1780ರ ಹೊತ್ತಿಗೆ ಅಮೆರಿಕದ ಯುದ್ಧ ಐದು ವರ್ಷ ಎಳೆದಿತ್ತು. ಗೆಲುವಿನ ಸುಳಿವಿರಲಿಲ್ಲ, ತೆರಿಗೆ ಮಾತ್ರ ಏರುತ್ತಿತ್ತು. ಯಾರ್ಕ್‌ಶೈರ್‌ನ ಜಮೀನುದಾರರು ಸಭೆ ಸೇರಿ ಪಾರ್ಲಿಮೆಂಟಿಗೆ ಅರ್ಜಿ ಬರೆದರು. ಕೆಲಸವಿಲ್ಲದ ಹುದ್ದೆಗಳನ್ನೂ ಅನರ್ಹರ ಪಿಂಚಣಿಗಳನ್ನೂ ರದ್ದುಮಾಡಿ, ಆಮೇಲೆ ನಮ್ಮಿಂದ ಹೊಸ ತೆರಿಗೆ ಕೇಳಿ ಎಂಬುದು ಅದರ ಸಾರ. ಬೇರೆ ಪ್ರಾಂತಗಳೂ ದನಿಗೂಡಿಸಿದವು. ಆ ವರ್ಷದ ಫೆಬ್ರುವರಿಯಲ್ಲಿ ಎಡ್ಮಂಡ್ ಬರ್ಕ್ ಆಡಳಿತ ಮಿತವ್ಯಯದ ಯೋಜನೆಯನ್ನು ಸಭೆಯ ಮುಂದಿಟ್ಟ. ಏಪ್ರಿಲ್‌ನಲ್ಲಿ, ದೊರೆಯ ಪ್ರಭಾವ ಮಿತಿಮೀರಿ ಬೆಳೆದಿದೆ, ಅದನ್ನು ಇಳಿಸಬೇಕು ಎಂಬ ನಿರ್ಣಯಕ್ಕೆ 233 ಮತ ಬಿದ್ದವು. ವಿರುದ್ಧ ಬಿದ್ದದ್ದು 215.

ಪ್ರಧಾನಿ ಲಾರ್ಡ್ ನಾರ್ತ್ ಜಾಣ. ತಪಾಸಣೆ ವಿರೋಧ ಪಕ್ಷದ ಕೈಗೆ ಹೋಗುವ ಮೊದಲೇ ಸಾರ್ವಜನಿಕ ಲೆಕ್ಕಗಳ ಪರಿಶೀಲನೆಗೆ ತಾನೇ ಒಂದು ಆಯೋಗ ನೇಮಿಸಿದ. ಅದರಲ್ಲಿ ಪಾರ್ಲಿಮೆಂಟಿನ ಸದಸ್ಯರಿರಲಿಲ್ಲ. ಕಣ್ಣೊರೆಸುವ ತಂತ್ರವೆಂದೇ ಹಲವರು ಭಾವಿಸಿದ್ದರು. ಆದರೆ ಆಯೋಗದವರು ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡರು. ಅಧಿಕಾರಿಗಳನ್ನು ಕರೆಸಿ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳಿದರು: ನಿಮ್ಮ ವರಮಾನ ಎಷ್ಟು? ಎಲ್ಲಿಂದ ಬರುತ್ತದೆ? ನೀವು ಕಚೇರಿಗೆ ಬರುತ್ತೀರಾ? ಬಾರದಿದ್ದರೆ ಕೆಲಸ ಮಾಡುವವರು ಯಾರು, ಅವರಿಗೆ ಎಷ್ಟು ಕೊಡುತ್ತೀರಿ? 1787ರವರೆಗೆ 15 ವರದಿಗಳು ಬಂದವು.

ಹೊರಬಿದ್ದ ಸಂಗತಿಗಳಲ್ಲಿ ಮುಖ್ಯವಾದುದು ಸೇನೆಯ ಪೇಮಾಸ್ಟರ್ ಹುದ್ದೆಯದು. ಸೈನಿಕರ ಸಂಬಳಕ್ಕೆಂದು ಬಿಡುಗಡೆಯಾದ ಹಣ ಖರ್ಚಾಗುವವರೆಗೂ ಪೇಮಾಸ್ಟರ್‌ನ ಕೈಯಲ್ಲೇ ಇರುತ್ತಿತ್ತು. ಅದರ ಬಡ್ಡಿ ಅವನದು. ಹುದ್ದೆ ಬಿಟ್ಟ ಮೇಲೂ ಲೆಕ್ಕ ಮುಗಿಯುವತನಕ ಹಣ ಹಿಂದಿರುಗಿಸಬೇಕಾಗಿರಲಿಲ್ಲ, ಲೆಕ್ಕ ಮುಗಿಯಲು ದಶಕಗಳೇ ಹಿಡಿಯುತ್ತಿದ್ದವು. 1757ರಿಂದ 1765ರವರೆಗೆ ಈ ಹುದ್ದೆಯಲ್ಲಿದ್ದ ಹೆನ್ರಿ ಫಾಕ್ಸ್ ಗಳಿಸಿದ್ದು ಸುಮಾರು 4 ಲಕ್ಷ ಪೌಂಡ್ ಎಂಬ ಅಂದಾಜಿದೆ. ಆತ 1774ರಲ್ಲಿ ತೀರಿಕೊಂಡಾಗಲೂ ಲೆಕ್ಕ ಮುಗಿದಿರಲಿಲ್ಲ. ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಜಾತ್ರೆ ಸಿಗಲಾರದು. 1782ರಲ್ಲಿ ಸ್ವತಃ ಪೇಮಾಸ್ಟರ್ ಆದ ಬರ್ಕ್ ಈ ಬಾಗಿಲನ್ನು ಮುಚ್ಚಿಸಿದ. ಹಣ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಇರಬೇಕು, ಪೇಮಾಸ್ಟರ್‌ಗೆ ವರ್ಷಕ್ಕೆ 4 ಸಾವಿರ ಪೌಂಡ್ ಸಂಬಳ ಎಂದು ಗೊತ್ತಾಯಿತು. ತನ್ನ ಹುದ್ದೆಯ ಲಾಭಕ್ಕೆ ತಾನೇ ಕತ್ತರಿ ಹಾಕಿಕೊಂಡವರು ಅಪರೂಪ.

ರಜೆಗೊಂದು ಕಾನೂನು

ಸಂಬಳದಷ್ಟೇ ದೊಡ್ಡ ಸಮಸ್ಯೆ ಗೈರುಹಾಜರಿಯದು. ಅಮೆರಿಕ, ವೆಸ್ಟ್ ಇಂಡೀಸ್‌ಗಳ ಸರ್ಕಾರಿ ಹುದ್ದೆಗಳನ್ನು ಪಡೆದ ಎಷ್ಟೋ ಮಂದಿ ಆ ನೆಲವನ್ನು ಕಂಡವರೇ ಅಲ್ಲ. ಲಂಡನ್ನಿನಲ್ಲಿ ಕುಳಿತು ಹುದ್ದೆಯನ್ನು ಬದಲಿಯವನಿಗೆ ಗುತ್ತಿಗೆ ಕೊಡುತ್ತಿದ್ದರು. ಬದಲಿಯವನು ಗುತ್ತಿಗೆ ಹಣ ಕಟ್ಟಿ, ಅದರ ಮೇಲೆ ತನ್ನ ಲಾಭವನ್ನೂ ಜನರಿಂದ ಸುಲಿಯಬೇಕು. ಅಂದರೆ ಹುದ್ದೆಯ ಒಡೆಯನಿಗೆ ಜೀವಮಾನವಿಡೀ ಸಂಬಳ ಸಹಿತ ರಜೆ. ವಸಾಹತಿನ ಜನರ ಸಿಟ್ಟಿಗೆ ಇದೂ ಒಂದು ಕಾರಣ.

1782ರಲ್ಲಿ, ಅಮೆರಿಕ ಕೈತಪ್ಪಿದ ಹೊತ್ತಿನಲ್ಲಿ, ಪಾರ್ಲಿಮೆಂಟ್ ಇದಕ್ಕೊಂದು ಕಾಯಿದೆ ಮಾಡಿತು. ಬರ್ಕ್‌ನ ಹೆಸರಿನಲ್ಲಿಯೂ ಅದನ್ನು ಕರೆಯುವುದುಂಟು. ವಸಾಹತಿನ ಹುದ್ದೆ ಪಡೆದವನು ಅಲ್ಲಿಯೇ ಇದ್ದು ಖುದ್ದಾಗಿ ಕೆಲಸ ಮಾಡಬೇಕು. ಸಕಾರಣವಿಲ್ಲದೆ ಗೈರುಹಾಜರಾದರೆ ಅಲ್ಲಿನ ಗವರ್ನರ್ ಮತ್ತು ಆತನ ಮಂಡಳಿ ತೆಗೆದುಹಾಕಬಹುದು. ತೆಗೆದುಹಾಕಿದವನಿಗೆ ಮೇಲ್ಮನವಿಯ ಹಕ್ಕಿದೆ. ರಜೆ ಎಂಬುದು ಅಧಿಕಾರಿಯ ಇಚ್ಛೆಯಲ್ಲ, ಕಾರಣ ಹೇಳಿ ಪಡೆಯಬೇಕಾದ ಅನುಮತಿ ಎಂಬ ಕಟ್ಟುಪಾಡು ಹೀಗೆ ಕಾನೂನಿಗೆ ಬಂತು. ಅರವತ್ತು ವರ್ಷಗಳ ಬಳಿಕ ಆಸ್ಟ್ರೇಲಿಯದಲ್ಲಿ ಒಬ್ಬ ನ್ಯಾಯಾಧೀಶನನ್ನು ಹುದ್ದೆಯಿಂದ ಇಳಿಸಿದ್ದೂ ಇದೇ ಕಾಯಿದೆಯ ಬಲದಿಂದ.

ಟೆಲ್ಲರ್‌ಗಳ ವಿಷಯದಲ್ಲಿ ಮಾತ್ರ ಪಾರ್ಲಿಮೆಂಟಿನ ಕೈ ನಡುಗಿತು. ಹೊಸದಾಗಿ ಬರುವ ಟೆಲ್ಲರ್‌ಗೆ ವರ್ಷಕ್ಕೆ 2,700 ಪೌಂಡ್ ನಿಗದಿ ಸಂಬಳ ಎಂದು 1783ರಲ್ಲಿ ಕಾನೂನಾಯಿತು. ಈಗಾಗಲೇ ಇರುವವರನ್ನು ಮುಟ್ಟಲಿಲ್ಲ. ಹುದ್ದೆ ಆಸ್ತಿಯಲ್ಲವೇ? ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಹೇಗೆ? ಹೀಗೆ ಬಾಲ್ಯದಲ್ಲೇ ಬಂದ ಬಕಿಂಗ್‌ಹ್ಯಾಂ, 1780ರಲ್ಲಿ 21ರ ಹರೆಯದಲ್ಲಿ ಬಂದ ಕ್ಯಾಮ್ಡೆನ್, ಇಬ್ಬರೂ ಹಳೆಯ ಪದ್ಧತಿಯಲ್ಲೇ ಮುಂದುವರಿದರು. ಮುಂದೆ ಫ್ರಾನ್ಸಿನೊಡನೆ ಇಪ್ಪತ್ತು ವರ್ಷಗಳ ಮಹಾಯುದ್ಧ ಬರಲಿದೆ ಎಂದು ಆಗ ಯಾರಿಗೆ ಗೊತ್ತಿತ್ತು?

ನಾವಿಕನ ಕೂಲಿ, ಅಧಿಕಾರಿಯ ಬಡ್ಡಿ

ಆ ಯುದ್ಧ 1793ರಲ್ಲಿ ಆರಂಭವಾಯಿತು. 1797ರ ಏಪ್ರಿಲ್‌ನಲ್ಲಿ ಸ್ಪಿಟ್‌ಹೆಡ್ ಎಂಬಲ್ಲಿ ಲಂಗರು ಹಾಕಿದ್ದ ಹಡಗುಗಳ ನಾವಿಕರು ಸಮುದ್ರಕ್ಕೆ ಇಳಿಯುವುದಿಲ್ಲವೆಂದು ಹಟ ಹಿಡಿದರು. ಅವರ ಕೂಲಿ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಏರಿರಲಿಲ್ಲ. ಅದೂ ಕೈಗೆ ಬರುವುದು ಎಷ್ಟೋ ತಿಂಗಳು ತಡವಾಗಿ. ಪಡಿತರದ ತೂಕದಲ್ಲೂ ಖೋತಾ: 16 ಔನ್ಸ್ ಇರಬೇಕಾದ ಪೌಂಡು ಹಡಗಿನಲ್ಲಿ 14 ಔನ್ಸ್ ತೂಗುತ್ತಿತ್ತು. ಬೇಡಿಕೆಗಳಲ್ಲಿ ಇನ್ನೊಂದಿತ್ತು: ಹಡಗು ಬಂದರಿನಲ್ಲಿ ನಿಂತಾಗ ದಡಕ್ಕಿಳಿಯಲು ಸ್ವಲ್ಪ ರಜೆ. ಓಡಿಹೋಗುತ್ತಾರೆಂಬ ಭಯದಿಂದ ವರ್ಷಗಟ್ಟಲೆ ಅವರನ್ನು ನೆಲಕ್ಕೆ ಬಿಡುತ್ತಿರಲಿಲ್ಲ. ಕೂಲಿ ಏರಿಸಿ, ಪಡಿತರದ ತೂಕ ಸರಿಪಡಿಸಿ, ಕ್ಷಮಾದಾನ ಕೊಟ್ಟ ಮೇಲೆ ನಾವಿಕರು ಕೆಲಸಕ್ಕೆ ಮರಳಿದರು.

ಅದೇ ವರ್ಷಗಳಲ್ಲಿ ಅದೇ ನೌಕಾಪಡೆಯ ಹಣ ಎಲ್ಲಿತ್ತು? ಖಜಾಂಚಿ ಡಂಡಾಸ್‌ನ ಕೈಕೆಳಗೆ ಅಲೆಕ್ಸಾಂಡರ್ ಟ್ರಾಟರ್ ಎಂಬ ಪೇಮಾಸ್ಟರ್ ಇದ್ದ. 1786ರಲ್ಲಿ ನೇಮಕವಾದಾಗ ಆತನ ಸಂಬಳ ವರ್ಷಕ್ಕೆ 500 ಪೌಂಡ್. ನೌಕಾಪಡೆಯ ಹಣ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿಯೇ ಇರಬೇಕೆಂದು 1785ರಲ್ಲೇ ಕಾಯಿದೆಯಾಗಿತ್ತು. ಅದಕ್ಕೆ ಬದಲಾಗಿ ಖಜಾಂಚಿಯ ಸಂಬಳವನ್ನು 4 ಸಾವಿರ ಪೌಂಡಿಗೆ ಏರಿಸಲಾಗಿತ್ತು. ಆದರೂ ಟ್ರಾಟರ್ ಹಣವನ್ನು ತನಗೆ ನಂಟಿದ್ದ ಕೌಟ್ಸ್ ಎಂಬ ಖಾಸಗಿ ಬ್ಯಾಂಕಿಗೆ ಸಾಗಿಸಿ ತನ್ನ ಲೇವಾದೇವಿಗೆ ಬಳಸಿದ. ನಾವಿಕ ಕೂಲಿಗಾಗಿ ಕಾಯುತ್ತಿದ್ದಾಗ ನೌಕಾಪಡೆಯ ಹಣ ಒಬ್ಬ ಅಧಿಕಾರಿಗೆ ಲಾಭ ತರುತ್ತಿತ್ತು. ಡಂಡಾಸ್‌ಗೂ ಟ್ರಾಟರ್ ಸಾಲ ಕೊಡುತ್ತಿದ್ದ.

1802ರ ಕೊನೆಯಲ್ಲಿ ನೌಕಾ ತನಿಖಾ ಆಯೋಗ ರಚನೆಯಾಯಿತು. 1803ರ ಫೆಬ್ರುವರಿಯಲ್ಲಿ ಡಂಡಾಸ್ ಮತ್ತು ಟ್ರಾಟರ್ ತಮ್ಮೊಳಗಿನ ಲೆಕ್ಕ ಚುಕ್ತಾ ಆಯಿತೆಂದು ಬರೆದುಕೊಂಡು ರಸೀದಿಗಳನ್ನು ನಾಶಮಾಡುವ ಒಪ್ಪಂದ ಮಾಡಿಕೊಂಡರು. ಆಯೋಗ ಪ್ರಶ್ನಿಸಿದಾಗ ಡಂಡಾಸ್, ತನಗೆ ತೊಡಕಾಗುವ ಉತ್ತರ ಕೊಡಬೇಕಿಲ್ಲವೆಂಬ ಕಾನೂನಿನ ರಕ್ಷಣೆ ಕೇಳಿದ. 1805ರ ಫೆಬ್ರುವರಿಯಲ್ಲಿ ಹತ್ತನೆಯ ವರದಿ ಇದನ್ನೆಲ್ಲ ಬಯಲಿಗಿಟ್ಟಿತು. ಸರ್ಕಾರಕ್ಕೆ ಒಂದು ಕಾಸೂ ನಷ್ಟವಾಗಿಲ್ಲ ಎಂಬುದು ಡಂಡಾಸ್ ಪರ ವಾದ. ಅದು ಸುಳ್ಳಲ್ಲ, ಅಸಲು ಹಿಂದಿರುಗಿತ್ತು. ಆದರೆ ಕಾನೂನು ಮೀರಿ ಸರ್ಕಾರಿ ಹಣವನ್ನು ಸ್ವಂತಕ್ಕೆ ದುಡಿಸಲು ಬಿಟ್ಟವನು ನಂಬಿಕೆಗೆ ಅರ್ಹನೇ ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿರಲಿಲ್ಲ. ಅಂದು ಮತ ಚಲಾಯಿಸಿದ ಸ್ಪೀಕರ್ ಅಬಟ್, 1797ರಲ್ಲಿ ಇಲಾಖೆಗಳ ಖರ್ಚು, ಸಂಬಳಗಳನ್ನು ಶೋಧಿಸಿದ ಹಣಕಾಸು ಸಮಿತಿಯ ಅಧ್ಯಕ್ಷನಾಗಿದ್ದವನು ಎಂಬುದು ಗಮನಾರ್ಹ.

ಡಂಡಾಸ್ ಮರುದಿನವೇ ರಾಜೀನಾಮೆ ಕೊಟ್ಟ. 1806ರಲ್ಲಿ ಲಾರ್ಡ್ಸ್ ಸಭೆಯಲ್ಲಿ ಮಹಾಭಿಯೋಗ ನಡೆದು ಎಲ್ಲ ಆಪಾದನೆಗಳಿಂದಲೂ ಖುಲಾಸೆಯಾದ. ವಿರೋಧ ಪಕ್ಷಕ್ಕೆ ಪಿಟ್‌ನನ್ನು ನೋಯಿಸುವ ಉದ್ದೇಶವೂ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಲೆಕ್ಕ ಕೇಳಿದ್ದರಿಂದ ಯುದ್ಧ ಸೋತೀತು ಎಂಬ ಭಯ ಹುಸಿಯಾಯಿತು. ಆತನ ಜಾಗಕ್ಕೆ ಬಂದವನು 78 ವರ್ಷದ ಮುದುಕ, ಲಾರ್ಡ್ ಬಾರ್‌ಹ್ಯಾಂ. ಆರು ತಿಂಗಳಲ್ಲಿ, ಅಕ್ಟೋಬರ್ 21ರಂದು, ಟ್ರಫಾಲ್ಗರ್‌ನಲ್ಲಿ ಬ್ರಿಟಿಷ್ ನೌಕಾಪಡೆ ಗೆದ್ದಿತು.

ಇತ್ತ ಟೆಲ್ಲರ್‌ಗಳ ವರಮಾನ ಯುದ್ಧದ ಜೊತೆ ಬೆಳೆದು ವರ್ಷಕ್ಕೆ 20 ಸಾವಿರ ಪೌಂಡ್ ದಾಟಿತ್ತು. 1812ರ ಮೇ ತಿಂಗಳಲ್ಲಿ ಥಾಮಸ್ ಕ್ರೀವಿ ಎಂಬ ಸದಸ್ಯ ಇದನ್ನು ಸಭೆಯಲ್ಲಿ ಎತ್ತಿದ. ನಿರ್ಣಯ ಬಿದ್ದುಹೋಯಿತು, ನಾಚಿಕೆ ಉಳಿಯಿತು. ಅಲ್ಲಿಂದೀಚೆಗೆ ಕ್ಯಾಮ್ಡೆನ್ ಆ ಭಾರೀ ವರಮಾನವನ್ನು ಸ್ವೀಕರಿಸಲು ಒಪ್ಪಲಿಲ್ಲ. 1840ರಲ್ಲಿ ಸಾಯುವ ಹೊತ್ತಿಗೆ ಆತ ಬಿಟ್ಟುಕೊಟ್ಟ ಮೊತ್ತ ಸುಮಾರು ಎರಡೂವರೆ ಲಕ್ಷ ಪೌಂಡ್. ಕಾನೂನು ಮಾಡಲಾಗದ್ದನ್ನು ಸಭೆಯಲ್ಲಿ ಕೇಳಿದ ಒಂದು ಪ್ರಶ್ನೆ ಮಾಡಿತು ಎನ್ನಬಹುದು.

ಶ್ರೀರಂಗಪಟ್ಟಣದ ನಂಟು

ಈ ಕಥೆಗೂ ಕನ್ನಡ ನಾಡಿಗೂ ಸಂಬಂಧವಿದೆ. 1793ರಿಂದ 1801ರವರೆಗೆ ಭಾರತದ ಆಡಳಿತವನ್ನು ಲಂಡನ್ನಿನಿಂದ ನಿಯಂತ್ರಿಸುತ್ತಿದ್ದ ಮಂಡಳಿಯ ಅಧ್ಯಕ್ಷ ಇದೇ ಡಂಡಾಸ್. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಯುದ್ಧ ನಡೆದದ್ದು ಆತನ ಕಾಲದಲ್ಲೇ. ಅದಕ್ಕೆ ಮೊದಲು, 1792ರಲ್ಲಿ, ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿ ಪರಿಹಾರವನ್ನೂ ಪಡೆದ ಕಾರ್ನ್‌ವಾಲಿಸ್, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಶರಣಾದ ಸೇನಾನಿ.

1786ರಲ್ಲಿ ಕಲ್ಕತ್ತೆಗೆ ಬಂದ ಕಾರ್ನ್‌ವಾಲಿಸ್ ಕಂಡದ್ದು ಲಂಡನ್ನಿನ ರೋಗವನ್ನೇ. ತಿಂಗಳಿಗೆ 1,000 ರೂಪಾಯಿ ಸಂಬಳದ ಬನಾರಸಿನ ರೆಸಿಡೆಂಟ್ ವರ್ಷಕ್ಕೆ 4 ಲಕ್ಷ ಗಳಿಸುತ್ತಿದ್ದ. ಕಾರ್ನ್‌ವಾಲಿಸ್ ಅಧಿಕಾರಿಗಳ ಖಾಸಗಿ ವ್ಯಾಪಾರ ನಿಲ್ಲಿಸಿದ. ಬಂಗಾಳದ ಕಲೆಕ್ಟರನಿಗೆ ತಿಂಗಳಿಗೆ 1,500 ರೂಪಾಯಿ ಸಂಬಳವನ್ನೂ ಕಂದಾಯದ ಮೇಲೆ ಸಣ್ಣ ಕಮಿಷನ್ನನ್ನೂ ಗೊತ್ತುಮಾಡಿದ. ಮೈಸೂರು ಯುದ್ಧದ ಲೂಟಿಯಲ್ಲಿ ತನ್ನ ಪಾಲನ್ನೂ ಆತ ಬಿಟ್ಟುಕೊಟ್ಟ. ಇವೆಲ್ಲ ಮೆಚ್ಚತಕ್ಕವೇ. ಆದರೆ ಅದೇ ಕೈ ವರ್ಷಕ್ಕೆ 500 ಪೌಂಡಿಗೆ ಮೀರಿದ ಹುದ್ದೆಗಳ ಬಾಗಿಲನ್ನು ಭಾರತೀಯರಿಗೆ ಮುಚ್ಚಿತು. ಸಂಬಳ ಏರಿತು, ಅದನ್ನು ತೆರುವವನಿಗೆ ಮಾತ್ರ ಅದರಲ್ಲಿ ಪಾಲಿಲ್ಲ. ಯಾರ್ಕ್‌ಶೈರ್‌ನ ಜಮೀನುದಾರ ಅರ್ಜಿ ಬರೆಯಬಹುದಿತ್ತು. 1799ರ ಬಳಿಕ ಕಂಪನಿಯ ಕೈಸೇರಿದ ಕೆನರಾದ ರೈತ, ಮರುವರ್ಷ ಸೇರಿದ ಬಳ್ಳಾರಿಯ ರೈತ ಯಾವ ಸಭೆಯಲ್ಲಿ ಲೆಕ್ಕ ಕೇಳಬೇಕು?

ಬೀಗ ಹಾಕಿದ ವರದಿ

ಆ ಪ್ರಶ್ನೆ ಅಧಿಕೃತವಾಗಿ ಎದ್ದದ್ದು ಒಂದು ಶತಮಾನದ ನಂತರ. 1912ರಲ್ಲಿ ಲಾರ್ಡ್ ಇಸ್ಲಿಂಗ್‌ಟನ್ ಅಧ್ಯಕ್ಷತೆಯಲ್ಲಿ ಭಾರತದ ಸರ್ಕಾರಿ ಸೇವೆಗಳ ಬಗ್ಗೆ ರಾಯಲ್ ಆಯೋಗ ನೇಮಕವಾಯಿತು. ನೇಮಕಾತಿ, ಸಂಬಳ, ರಜೆ, ಪಿಂಚಣಿ, ಭಾರತೀಯರ ಮೇಲಿನ ನಿರ್ಬಂಧ, ಎಲ್ಲವೂ ಅದರ ವ್ಯಾಪ್ತಿಯಲ್ಲಿದ್ದವು. ಗೋಪಾಲಕೃಷ್ಣ ಗೋಖಲೆ, ನ್ಯಾಯಮೂರ್ತಿ ಅಬ್ದುರ್ ರಹೀಮ್ ಸದಸ್ಯರಲ್ಲಿ ಸೇರಿದ್ದರು.

1914ರಲ್ಲಿ ಮಹಾಯುದ್ಧ ಬಂತು. 1915ರ ಫೆಬ್ರುವರಿ 19ರಂದು ಗೋಖಲೆ ತೀರಿಕೊಂಡರು. ಆ ವರ್ಷದ ಆಗಸ್ಟ್‌ನಲ್ಲಿ ವರದಿಗೆ ಸಹಿ ಬಿದ್ದಿತು. ಅಬ್ದುರ್ ರಹೀಮ್ ದೀರ್ಘ ಭಿನ್ನಮತ ಬರೆದರು. ಆದರೆ ವರದಿ ಹೊರಬರಲಿಲ್ಲ. ಯುದ್ಧ ನಡೆಯುವಾಗ ವಿವಾದ ಬೇಡವೆಂದು ಸರ್ಕಾರ ಅದನ್ನು ತಡೆಹಿಡಿಯಿತು. ತಿಂಗಳಿಗೆ 11 ರೂಪಾಯಿಯ ಸಿಪಾಯಿಗಳು ಫ್ರಾನ್ಸಿನಲ್ಲೂ ಮೆಸಪೊಟೇಮಿಯದಲ್ಲೂ ಸಾಯುತ್ತಿದ್ದಾಗ ಅವರ ದೇಶದ ದೊಡ್ಡ ಅಧಿಕಾರಿಗಳ ಸಂಬಳ, ರಜೆಗಳ ವರದಿ ಬೀರುವಿನಲ್ಲಿತ್ತು. ಅದು ಪ್ರಕಟವಾದದ್ದು 1917ರ ಜನವರಿಯಲ್ಲಿ. ಮೇಲ್ದರ್ಜೆಯ ಹುದ್ದೆಗಳಲ್ಲಿ ನಾಲ್ಕರಲ್ಲೊಂದು ಪಾಲು ಭಾರತೀಯರಿಗೆ ಸಿಗಲೆಂಬ ಶಿಫಾರಸು ಅಷ್ಟರಲ್ಲಿ ಹಳಸಿತ್ತು. ಅದೇ ವರ್ಷ ಭಾರತದ ಬೊಕ್ಕಸ ಬ್ರಿಟನ್ನಿನ ಯುದ್ಧಕ್ಕೆ 10 ಕೋಟಿ ಪೌಂಡ್ ಕಾಣಿಕೆ ಕೊಟ್ಟಿತು.

ಸ್ವಂತ ದೇಶದಲ್ಲಿ ಯುದ್ಧದ ನಡುವೆಯೇ ಲೆಕ್ಕದ ಪುಸ್ತಕ ತೆರೆಸಿದ ಬ್ರಿಟನ್, ಭಾರತದಲ್ಲಿ ಯುದ್ಧದ ನೆಪದಿಂದಲೇ ಅದನ್ನು ಮುಚ್ಚಿಟ್ಟಿತು. ಮುಚ್ಚಿಟ್ಟ ಪ್ರಶ್ನೆ ಸುಮ್ಮನಾಗಲಿಲ್ಲ. ಉಪ್ಪಿನ ಸತ್ಯಾಗ್ರಹಕ್ಕೆ ಮುನ್ನ, 1930ರ ಮಾರ್ಚ್ 2ರಂದು, ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರದಲ್ಲಿ ಅದು ಮತ್ತೆ ಎದ್ದಿತು. ವೈಸ್‌ರಾಯ್‌ಗೆ ದಿನಕ್ಕೆ 700 ರೂಪಾಯಿಗೂ ಹೆಚ್ಚು ಸಂಬಳ, ಭಾರತೀಯನ ಸರಾಸರಿ ದಿನದ ವರಮಾನ 2 ಆಣೆಗೂ ಕಡಿಮೆ ಎಂಬ ಲೆಕ್ಕ ಅದರಲ್ಲಿತ್ತು.

ಪ್ರಶ್ನೆ ಹಳೆಯದಾದರೂ ಸವೆದಿಲ್ಲ. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿಗಳ ವಶವಾದಾಗ ಬ್ರಿಟಿಷ್ ವಿದೇಶಾಂಗ ಕಚೇರಿಯ ಅತ್ಯುನ್ನತ ಅಧಿಕಾರಿ ರಜೆಯಲ್ಲಿದ್ದರು. ಕೆಲಸಕ್ಕೆ ಮರಳಿದ್ದು 26ರಂದು. ಹುದ್ದೆಯಲ್ಲಿ ಮುಂದುವರಿಯಬೇಕೇ ಎಂದು ಅವರು ಯೋಚಿಸಲಿ ಎಂದು 2022ರ ಮೇ ತಿಂಗಳಲ್ಲಿ ಪಾರ್ಲಿಮೆಂಟಿನ ಸಮಿತಿ ಬರೆಯಿತು. ನೀವು ಕಚೇರಿಯಲ್ಲಿದ್ದಿರಾ ಎಂದು 1780ರ ಆಯೋಗ ಟೆಲ್ಲರ್‌ಗಳನ್ನು ಕೇಳಿದ ಪ್ರಶ್ನೆಯೇ ಇದು. ಆಪತ್ತಿನ ಹೊತ್ತಿನಲ್ಲಿ ಇದನ್ನು ಕೇಳಬಾರದೆನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಗಳ ಹಿರಿಯುವವರನ್ನು ಹಿಡಿಯಬೇಕಾದುದು ಮನೆ ಉರಿಯುತ್ತಿರುವಾಗಲೇ. ಬೂದಿಯಾದ ಮೇಲೆ ಲೆಕ್ಕಕ್ಕೆ ಗಳವೂ ಉಳಿದಿರುವುದಿಲ್ಲ.